ಎಸ್‌ಎಂಪಿಎಸ್‌ಗೆ ಕಾಮನ್ ಮೋಡ್ ಚೋಕ್: 10 ಮಿಲಿಹೆನ್ರಿದಾ, 30ರದ್ದಾ?

12 ವೋಲ್ಟ್ 5 ಆಂಪ್ ಎಸ್‌ಎಂಪಿಎಸ್ (ಸ್ವಿಚಿಂಗ್ ಪವರ್ ಸಪ್ಲೈ) ಕಟ್ಟಿದೀನಿ, ಆನ್ ಮಾಡಿದ ತಕ್ಷಣ ರೇಡಿಯೋ ಕೊರ್ ಅನ್ನುತ್ತೆ, 230 ವೋಲ್ಟ್ ಕಡೆಗೆ 10 ಮಿಲಿಹೆನ್ರಿ ಕಾಮನ್ ಮೋಡ್ ಚೋಕ್ (ಎರಡೂ ತಂತೀಲಿ ಒಂದೇ ದಿಕ್ಕಲ್ಲಿ ಹರಿಯೋ ಗಲಾಟೆ, ಅಂದ್ರೆ ನಾಯ್ಸ್, ತಡೆಯೋ ಕಾಯಿಲ್) ಹಾಕ್ಲಾ 30ರದ್ದು ಹಾಕ್ಲಾ ಅಂತ ಕೇಳಿದೀರ. ನಾನೂ ಒಂದ್ಸಲ ದೊಡ್ಡದಿದ್ರೆ ಒಳ್ಳೇದು ಅನ್ಕೊಂಡು 30ರದ್ದು ತಂದು ಹಾಕಿದ್ದೆ. ಅರ್ಧ ಗಂಟೇಲಿ ಮುಟ್ಟಕ್ಕಾಗ್ದಷ್ಟು ಬಿಸಿ, ಕೆಳಗಿನ ಫ್ರೀಕ್ವೆನ್ಸಿಲಿ ಗಲಾಟೆ ಕಮ್ಮಿ ಆಯ್ತು ಆದ್ರೆ ಮೇಲೆ ಹಾಗೇ ಇತ್ತು.

ಯಾಕಂದ್ರೆ ಅದೇ ಸೈಜಿನ ಕೋರಲ್ಲಿ ಜಾಸ್ತಿ ಹೆನ್ರಿ ಬೇಕಂದ್ರೆ ಸಣ್ಣ ತಂತಿ ಜಾಸ್ತಿ ಸುತ್ತು ಸುತ್ತಿರ್ತಾರೆ, ರೆಸಿಸ್ಟೆನ್ಸ್ ಏರುತ್ತೆ, ಸುತ್ತುಗಳ ನಡುವಿನ ಕೆಪಾಸಿಟೆನ್ಸೂ ಏರುತ್ತೆ, ಸೆಲ್ಫ್ ರೆಸೊನೆನ್ಸ್ (ಚೋಕ್ ತನ್ನದೇ ಕೆಪಾಸಿಟೆನ್ಸ್ ಜೊತೆ ರೆಸೊನೇಟ್ ಆಗೋ ಫ್ರೀಕ್ವೆನ್ಸಿ) ದಾಟಿದ್ಮೇಲೆ ಅದು ಚೋಕೇ ಅಲ್ಲ, ಕೆಪಾಸಿಟರ್! ಹಾಗಾಗಿ ಡೇಟಾಶೀಟಲ್ಲಿ ಇಂಪೀಡೆನ್ಸ್ (ಆಯಾ ಫ್ರೀಕ್ವೆನ್ಸಿಲಿ ಒಡ್ಡೋ ತಡೆ) ಗ್ರಾಫ್ ನೋಡಿ, ನಿಮ್ಮ ಗಲಾಟೆ ಇರೋ ಜಾಗದಲ್ಲಿ ಎಷ್ಟು ಓಮ್ಸ್ ಇದೆ ಅನ್ನೋದು ಮುಖ್ಯ. ಕಂಡಕ್ಟೆಡ್ ಟೆಸ್ಟ್ (ಮೇನ್ಸ್ ತಂತಿ ಮೂಲಕ ಹೊರಗೆ ಹೋಗೋ ಗಲಾಟೆ ಅಳೆಯೋದು) ಮಾಡೋದು 150 ಕಿಲೋಹರ್ಟ್ಸ್‌ನಿಂದ 30 ಮೆಗಾಹರ್ಟ್ಸ್‌ವರೆಗೆ. ಗ್ರಾಫೇ ಕೊಡದಿರೋ ಚೋಕ್ ನಾನಂತೂ ತಗೊಳಲ್ಲ.

ಕರೆಂಟ್ ಲೆಕ್ಕ ಹೀಗೆ. ಔಟ್‌ಪುಟ್ 60 ವ್ಯಾಟ್, 85% ಎಫಿಶಿಯೆನ್ಸಿ ಅಂದ್ರೆ ಇನ್‌ಪುಟ್ ಸುಮಾರು 70. ಪಿಎಫ್‌ಸಿ (ಪವರ್ ಫ್ಯಾಕ್ಟರ್ ಸರಿಪಡಿಸೋ ಸರ್ಕ್ಯೂಟ್) ಇಲ್ದಿದ್ರೆ ಪವರ್ ಫ್ಯಾಕ್ಟರ್ 0.55 ಅಂತ ಇಟ್ಕೊಳಿ, ಸಂಜೆ ಹೊತ್ತು ಲೈನ್ 180ಕ್ಕೆ ಇಳಿದ್ರೆ 0.7 ಆಂಪ್. ವೈಂಡಿಂಗ್ ಒಂದೊಂದು 1 ಓಮ್ ಇದ್ರೆ ಎರಡೂ ಸೇರಿ ಹತ್ತಿರ 1 ವ್ಯಾಟ್ ಚೋಕಲ್ಲೇ ಸುಟ್ಟೋಗುತ್ತೆ. ನನ್ನ ಬಿಸಿ ಕಥೆ ಇದೇ. 1ರಿಂದ 1.5 ಆಂಪ್‌ದು ತಗೊಳಿ, ಆ ರೇಟಿಂಗ್ ಯಾವ ಟೆಂಪರೇಚರ್‌ಗೆ ಅಂತಾನೂ ನೋಡಿ.

ಇನ್ನು ಚೋಕ್ ಒಂಟಿಯಾಗಿ ಕೆಲಸ ಮಾಡಲ್ಲ, ವೈ ಕೆಪಾಸಿಟರ್ (ಮೇನ್ಸಿಂದ ಅರ್ತಿಗೆ ಹಾಕೋ ಸೇಫ್ಟಿ ಕೆಪಾಸಿಟರ್) ಜೊತೆ ಬೇಕು. 2.2 ನ್ಯಾನೋಫ್ಯಾರಡ್‌ದು ಲೈನಿಂದ ಅರ್ತಿಗೊಂದು, ನ್ಯೂಟ್ರಲಿಂದ ಅರ್ತಿಗೊಂದು. 10 ಮಿಲಿಹೆನ್ರಿ ಜೊತೆ ಕಾರ್ನರ್ (ಫಿಲ್ಟರ್ ತಡೆಯೋಕೆ ಶುರು ಮಾಡೋ ಫ್ರೀಕ್ವೆನ್ಸಿ) ಸುಮಾರು 24 ಕಿಲೋಹರ್ಟ್ಸ್‌ಗೆ ಬರುತ್ತೆ, ಲೆಕ್ಕದ ಪ್ರಕಾರ 150ರಲ್ಲಿ 30 ಡಿಬಿ ಆಸುಪಾಸು ಇಳಿಕೆ ಸಿಗುತ್ತೆ. ಕೆಪಾಸಿಟರ್ ದೊಡ್ಡದು ಮಾಡೋಣ ಅಂದ್ರೆ ಅರ್ತಿಗೆ ಲೀಕೇಜ್ ಜಾಸ್ತಿ, 4.7ಕ್ಕೇ 0.34 ಮಿಲಿಆಂಪ್. ವೈ ರೇಟಿಂಗ್ ಇಲ್ಲದ ನೀಲಿ ಡಿಸ್ಕ್ ಯಾವ್ದೋ ಹಾಕ್ಬೇಡಿ, ಅದು ಶಾರ್ಟ್ ಆದ್ರೆ ಬಾಡಿಗೆ ಕರೆಂಟ್ ಬರುತ್ತೆ.

ಆದ್ರೆ ಇಷ್ಟೆಲ್ಲ ಮಾಡೋಕೆ ಮುಂಚೆ ಗಲಾಟೆ ನಿಜವಾಗ್ಲೂ ಕಾಮನ್ ಮೋಡಾ ನೋಡಿ. ಬ್ಯಾಟರಿ ರೇಡಿಯೋನ ಮೀಡಿಯಂ ವೇವಲ್ಲಿ, 612 ಕಿಲೋಹರ್ಟ್ಸ್ ಬೆಂಗಳೂರು ಆಕಾಶವಾಣಿ ಹತ್ರ ಸ್ಟೇಷನ್ ಇಲ್ಲದ ಜಾಗಕ್ಕೆ ತಿರುಗಿಸಿಟ್ಟು, ಮೇನ್ಸ್ ಕೇಬಲ್‌ನ ಹಾಗೇ ಒಂದು ದೊಡ್ಡ ಫೆರೈಟ್ ರಿಂಗಿಗೆ ಏಳೆಂಟು ಸುತ್ತು ಸುತ್ತಿ. ಕೊರ್ ಕಮ್ಮಿ ಆದ್ರೆ ಕಾಮನ್ ಮೋಡ್. ಏನೂ ಬದಲಾಗ್ಲಿಲ್ಲ ಅಂದ್ರೆ ಡಿಫರೆನ್ಶಿಯಲ್ (ಲೈನಲ್ಲಿ ಹೋಗಿ ನ್ಯೂಟ್ರಲಲ್ಲಿ ವಾಪಸ್ ಬರೋ ಗಲಾಟೆ) ಇರ್ಬಹುದು, ಆಗ ಮೊದ್ಲು ಎಕ್ಸ್ ಕೆಪಾಸಿಟರ್ (ಲೈನ್, ನ್ಯೂಟ್ರಲ್ ನಡುವೆ ಹಾಕೋದು) ಹಾಕಿ ನೋಡಿ.

ಹಳೇ ಕಂಪ್ಯೂಟರ್ ಸಪ್ಲೈಯಿಂದ ಕಿತ್ತ ಚೋಕ್ ಬಳಸ್ತೀರಾದ್ರೆ ಬೋರ್ಡಿಗೆ ಹಾಕೋ ಮುಂಚೆ ಔಟ್‌ಪುಟ್ ಕಡೆ ಎರಡು ಪಿನ್ ಶಾರ್ಟ್ ಮಾಡಿ ಇನ್‌ಪುಟ್ ಕಡೆ ಎಲ್‌ಸಿಆರ್ ಮೀಟರ್ (ಇಂಡಕ್ಟೆನ್ಸ್ ಅಳೆಯೋದು) ಇಡಿ. ನೂರಿನ್ನೂರು ಮೈಕ್ರೋಹೆನ್ರಿ ತೋರಿಸಿದ್ರೆ ಸರಿ. ಹತ್ತಾರು ಮಿಲಿಹೆನ್ರಿ ತೋರಿಸ್ತು ಅಂದ್ರೆ ಒಂದು ವೈಂಡಿಂಗ್ ಉಲ್ಟಾ ಹಿಡ್ಕೊಂಡಿದೀರ, ಕೋರ್ ಸ್ಯಾಚುರೇಟ್ ಆಗುತ್ತೆ (ಕಾಂತತೆ ತುಂಬಿ ಚೋಕ್ ತಡೆಯೋದನ್ನೇ ನಿಲ್ಲಿಸುತ್ತೆ), ಒಂದು ಕಡೆಯ ಪಿನ್ ಅದಲು ಬದಲು ಮಾಡಿ.