ಬೆಂಕಿ ಕಾಣದ ನಡುವಿನ ಎಂಜಿನ್

ಪ್ರಶ್ನೆ: ಅಮೆರಿಕದ ಬೇಹುಗಾರಿಕೆ ಉಪಗ್ರಹಗಳನ್ನು ಹೊತ್ತೊಯ್ಯುತ್ತಿದ್ದ ಟೈಟನ್ 4 ರಾಕೆಟ್‌ನ ಹಳೆಯ ವಿಡಿಯೊ ನೋಡಿದೆ. ನೆಲ ಬಿಡುವಾಗ ಪಕ್ಕದ ಎರಡು ಕೊಳವೆಗಳಲ್ಲಷ್ಟೇ ಬೆಂಕಿ. ನಡುವಿನ ಎಂಜಿನ್ ಕೆಟ್ಟಿತ್ತಾ? ಇಷ್ಟು ದೊಡ್ಡ ರಾಕೆಟ್ಟನ್ನು ಕೈಬಿಟ್ಟಿದ್ದೇಕೆ?

ಉತ್ತರ: ನಿಮ್ಮ ಕಣ್ಣು ಚುರುಕು! ಮೊದಲ ಸಲ ನೋಡಿದಾಗ ನಾನೂ ವಿಡಿಯೊ ಹಿಂದಕ್ಕೆ ಎಳೆದು ಮತ್ತೆ ನೋಡಿದ್ದೆ. ಎಂಜಿನ್ ಕೆಟ್ಟಿರಲಿಲ್ಲ, ಅದರ ಸರದಿ ಬಂದಿರಲಿಲ್ಲ ಅಷ್ಟೆ. ಪಕ್ಕದ ಘನ ಇಂಧನದ ಬೂಸ್ಟರ್‌ಗಳೇ ಇಡೀ ರಾಕೆಟ್ಟನ್ನು ಮೇಲೆತ್ತುತ್ತಿದ್ದವು. ಸುಮಾರು ಎರಡು ನಿಮಿಷ ಕಳೆದ ಮೇಲೆ, ಎತ್ತರದಲ್ಲಿ, ನಡುವಿನದು ಹೊತ್ತಿಕೊಳ್ಳುತ್ತಿತ್ತು. ಅದರ ಎರಡು ದ್ರವಗಳು ಒಂದಕ್ಕೊಂದು ತಾಗಿದರೆ ಸಾಕು, ತಾವಾಗಿಯೇ ಉರಿಯುತ್ತವೆ. ಕಡ್ಡಿ ಗೀರುವ ಕೆಲಸವೇ ಇಲ್ಲ.

ಆದರೆ ಆ ದ್ರವಗಳು ಎರಡೂ ವಿಷ. ತುಂಬಿಸುವವರು ಮೈಪೂರ್ತಿ ಮುಚ್ಚುವ ಉಡುಪು ತೊಡಬೇಕಿತ್ತು. ಖರ್ಚೂ ಜಾಸ್ತಿ, ಒಂದು ಉಡಾವಣೆಗೆ 40 ಕೋಟಿ ಡಾಲರ್‌ಗೂ ಮೇಲೆ. ಕೈಬಿಡಲು ಮುಖ್ಯ ಕಾರಣ ಈ ಖರ್ಚೇ. ಅದರ ಕೆಲಸವನ್ನು ಡೆಲ್ಟಾ 4 ಹೆವಿ ಎಂಬ ಇನ್ನೊಂದು ರಾಕೆಟ್ಟಿಗೆ ವಹಿಸಿದರು. 2024ರಲ್ಲಿ ಅದೂ ನಿವೃತ್ತವಾಯಿತು ಬಿಡಿ.

ಇಷ್ಟು ದುಬಾರಿ ರಾಕೆಟ್ಟು ಮುಗ್ಗರಿಸಿದ್ದು ಎಂಥ ಸಣ್ಣದಕ್ಕೆ ಗೊತ್ತಾ? 1998ರ ಆಗಸ್ಟ್ 12ರಂದು ಕೇಪ್ ಕೆನವೆರಲ್‌ನಿಂದ ಗುಟ್ಟಿನ ಉಪಗ್ರಹವೊಂದನ್ನು ಹೊತ್ತು ಒಂದು ಟೈಟನ್ 4 ಹೊರಟಿತ್ತು. ಒಳಗಿನ ಯಾವುದೋ ತಂತಿಯ ಮೇಲ್ಪದರ ಕಿತ್ತುಹೋಗಿತ್ತು. ಸುಮಾರು 40 ಸೆಕೆಂಡಿಗೆ ಶಾರ್ಟ್ ಆಯಿತು. ದಾರಿ ತೋರುವ ಕಂಪ್ಯೂಟರಿಗೆ ಕರೆಂಟು ಹೋಗಿ ಬಂತು. ಕಣ್ಣು ಬಿಟ್ಟ ಕಂಪ್ಯೂಟರಿಗೆ ತಾನೆಲ್ಲಿದ್ದೇನೆಂದೇ ತಿಳಿಯಲಿಲ್ಲ, ಮೂತಿ ಕೆಳಗೆ ಮಾಡು ಅಂದಿತು. ಆ ವೇಗದಲ್ಲಿ ಹಾಗೆ ಹೊರಳಿದರೆ ಉಳಿಯುತ್ತದಾ? ಚೂರುಚೂರಾಗಿ ಅಟ್ಲಾಂಟಿಕ್ ಸೇರಿತು. ನಷ್ಟ ನೂರು ಕೋಟಿ ಡಾಲರ್‌ಗೂ ಮೇಲೆ. ಹಾಗಂತ ಸುಮ್ನೆ ಬೈಯುವಂತಿಲ್ಲ. 39 ಹಾರಾಟಗಳಲ್ಲಿ 35 ಗೆದ್ದಿವೆ. 1997ರಲ್ಲಿ ಕ್ಯಾಸಿನಿ ನೌಕೆಯನ್ನು ಶನಿಯತ್ತ ಕಳಿಸಿದ್ದೂ ಇದೇ.

ಕೊನೆಯದು 2005ರ ಅಕ್ಟೋಬರ್ 19ರಂದು ಕ್ಯಾಲಿಫೋರ್ನಿಯಾದ ವಾಂಡೆನ್‌ಬರ್ಗ್‌ನಿಂದ ಹೋಯಿತು. ಆಗಲೂ ಬೇಹುಗಾರಿಕೆಯ ಸರಕೇ. ಅದೇ ಉಡಾವಣಾ ಕಟ್ಟೆಯಿಂದ ಈಗ ಫಾಲ್ಕನ್ 9 ಹಾರುತ್ತಿದೆ. ಹಾರದೆ ಉಳಿದ ಒಂದು ಟೈಟನ್ 4 ಒಹಾಯೊದ ಡೇಟನ್‌ನಲ್ಲಿರುವ ವಾಯುಪಡೆಯ ಮ್ಯೂಸಿಯಂನಲ್ಲಿ ಅಡ್ಡಡ್ಡ ಮಲಗಿದೆ.