ಪ್ರತಿಕ್ರಿಯೆ: ಉತ್ತರ ನೋಡಿದರೂ ಕ್ರಿಪ್ಟಿಕ್ ಪದಬಂಧ ಮರುದಿನ ಮತ್ತೆ ಕೈಕೊಡುತ್ತಿದೆ ಅಂದವರಿಗೆ

ಕ್ರಿಪ್ಟಿಕ್ ಅಂದರೆ ಸುಳಿವಿನೊಳಗೇ ಅಕ್ಷರದ ಆಟ ಬಚ್ಚಿಟ್ಟಿರುವ ಪದಬಂಧ. ಅದರ ಸುಳಿವನ್ನು ನೀವು ಮಾಮೂಲಿ ವಾಕ್ಯದ ಹಾಗೆ ಓದುತ್ತಿದ್ದೀರಿ ಅನ್ನಿಸುತ್ತದೆ. ನಿಮ್ಮ ಮೂಡಿಗೆರೆಗೆ ‘ದಿ ಹಿಂದೂ’ ಪತ್ರಿಕೆ ಬರುವಷ್ಟರಲ್ಲಿ ಪದಬಂಧದ ಗುಂಪಿನವರು ಅದರ ಉತ್ತರ ಹಾಕಿರುತ್ತಾರೆ ಅಂದಿರಿ. ಬರೀ ಉತ್ತರ ನೋಡಿದರೆ ದಾರಿ ತಿಳಿಯುವುದಿಲ್ಲ.

ಮೊದಲು ವಾಕ್ಯದ ಅರ್ಥ ಮರೆತುಬಿಡಿ. ಉತ್ತರದ ನೇರ ಅರ್ಥ ಸಾಮಾನ್ಯವಾಗಿ ಸುಳಿವಿನ ಶುರುವಿನಲ್ಲೋ ಕೊನೆಯಲ್ಲೋ ಇರುತ್ತದೆ. ಉಳಿದದ್ದು ಅಕ್ಷರದ ಆಟ. ನಾನೇ ಹೆಣೆದ ಒಂದು ನೋಡಿ: ‘ಕರ್ನಾಟಕ ಟೌನ್ ಹ್ಯಾಸ್ ಸ್ಯಾಂಡ್ ಇನ್ ಪಾರ್ಟ್ (6)’. ಕೊನೆಯ 6 ಅಂದರೆ ಉತ್ತರದಲ್ಲಿ ಆರು ಇಂಗ್ಲಿಷ್ ಅಕ್ಷರ. ಮರಳು ಸುಮ್ನೆ ದಾರಿ ತಪ್ಪಿಸಲಿಕ್ಕೆ. ‘ಕರ್ನಾಟಕ ಟೌನ್’ ನೇರ ಅರ್ಥ. ‘ಇನ್ ಪಾರ್ಟ್’ ಅಂದರೆ ಉತ್ತರ ಅಲ್ಲೇ ಅಡಗಿದೆ. ‘ಹ್ಯಾಸ್ ಸ್ಯಾಂಡ್’ ಎರಡನ್ನೂ ಇಂಗ್ಲಿಷ್‌ನಲ್ಲಿ ಸೇರಿಸಿ ಬರೆದು ಕೊನೆಯ ‘ಡಿ’ ಬಿಡಿ. ನಿಮ್ಮ ಪಕ್ಕದ ಹಾಸನವೇ, ಅಲ್ವಾ?

ಆಮೇಲೆ ‘ಬ್ರೋಕನ್’, ‘ಡ್ರಂಕ್’, ‘ಬ್ಯಾಡ್ಲಿ’ ಥರದ ಪದ ಹುಡುಕಿ. ಅವು ಪಕ್ಕದ ಅಕ್ಷರಗಳನ್ನು ಕಲಸಿ ಅನ್ನುತ್ತಿರಬಹುದು. ‘ಲಿಸನ್ ಬ್ಯಾಡ್ಲಿ, ಬೀಯಿಂಗ್ ಕ್ವೈಟ್ (6)’ ಅಂದರೆ ‘ಸೈಲೆಂಟ್’. ಅಕ್ಷರಗಳನ್ನು ಗುಂಡಗೆ ಬರೆದುಕೊಂಡರೆ ಬೇಗ ಹೊಳೆಯುತ್ತದೆ. ಕಲಿಯುವ ಶುರುವಿನಲ್ಲಿ ಜಾಸ್ತಿ ಬಿಡಿಸಲು ಸಿಗುವುದು ಇಂಥ ಸುಳಿವುಗಳೇ.

ಗುಂಪಿನಲ್ಲಿ ಉತ್ತರ ಕೇಳಬೇಡಿ. ‘ನೇರ ಅರ್ಥ ಯಾವ ತುದಿಯಲ್ಲಿದೆ?’ ಅಂತ ಮಾತ್ರ ಕೇಳಿ. ಉತ್ತರ ಆಗಲೇ ಕಣ್ಣಿಗೆ ಬಿದ್ದಿದ್ದರೆ ಅದು ಹೇಗೆ ಬಂತು ಅಂತ ಹಿಂದಿನಿಂದ ಬಿಡಿಸಿ, ಸಿಗದಿದ್ದರೆ ವಿವರಣೆ ಕೇಳಿ. ಬರೀ ಉತ್ತರ ಎಸೆದು ಹೋಗುವವರಿಂದ ಏನೂ ಲಾಭವಿಲ್ಲ.

ಆದರೆ ಎರಡೇ ಪದದ ಸುಳಿವಿಗೆ ಈ ದಾರಿ ನಡೆಯುತ್ತದೆ ಅಂತ ಖಚಿತವಾಗಿ ಹೇಳಲಾರೆ. ಅಲ್ಲಿ ಎರಡೂ ಪದ ನೇರ ಅರ್ಥವೇ ಆಗಿರಬಹುದು. ಅದನ್ನು ಬಿಟ್ಟು ಮುಂದೆ ಹೋಗಿ, ಅದನ್ನು ಹಾದುಹೋಗುವ ಬೇರೆ ಉತ್ತರಗಳ ಅಕ್ಷರಗಳು ತುಂಬಿದ ಮೇಲೆ ನೋಡಿ.