ಕೊಪ್ಪಳದಿಂದ ಗೋಕರ್ಣದ ಕಡಲತೀರಗಳಿಗೆ ಹೋಗಲು ರೈಲು ಅನುಕೂಲವೋ, ಬಸ್ಸೋ?

ಹುಬ್ಬಳ್ಳಿಯವರೆಗೆ ರೈಲು, ಅಲ್ಲಿಂದ ಯಲ್ಲಾಪುರ, ಅಂಕೋಲಾ ಮಾರ್ಗದ ಬಸ್ಸು: ಕೊಪ್ಪಳ, ಬಳ್ಳಾರಿ ಕಡೆಯವರಿಗೆ ಇದೇ ಅನುಕೂಲ. ಪೂರ್ತಿ ರೈಲಿನಲ್ಲೇ ಹೋಗುವುದು ಸುತ್ತುಬಳಸಿನ ದಾರಿ.

ಇದಕ್ಕೆ ಕಾರಣ ಸಹ್ಯಾದ್ರಿ. ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ನೇರವಾಗಿ ಇಳಿಯಬೇಕಾದ ರೈಲುಮಾರ್ಗವು ದಟ್ಟ ಕಾಡನ್ನು ಸೀಳಿ ಹೋಗಬೇಕಾದುದರಿಂದ ದಶಕಗಳಿಂದ ನನೆಗುದಿಗೆ ಬಿದ್ದಿದೆ. ಹೀಗಾಗಿ ನಮ್ಮ ಕಡೆಯ ರೈಲು ಲೋಂಡಾ, ಕ್ಯಾಸಲ್‌ರಾಕ್ ಮೂಲಕ ಘಟ್ಟ ಇಳಿದು ಗೋವಾದ ಮಡಗಾಂವ್ ಸೇರುತ್ತದೆ. ಅಲ್ಲಿ ಕೊಂಕಣ ರೈಲು ಹಿಡಿದು, ಕಾರವಾರ ದಾಟಿ, ಮತ್ತೆ ದಕ್ಷಿಣಕ್ಕೆ ಗೋಕರ್ಣ ರೋಡ್ ನಿಲ್ದಾಣದವರೆಗೆ ಬರಬೇಕಾಗುತ್ತದೆ. ರಸ್ತೆಗೆ ಈ ತೊಡಕಿಲ್ಲ. ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗಗಳ ಮೂಲಕ ಬರುವ ಹಳೆಯ 63ನೇ ರಾಷ್ಟ್ರೀಯ ಹೆದ್ದಾರಿಯು ಅರಬೈಲು ಘಟ್ಟ ಇಳಿದು ಅಂಕೋಲಾದಲ್ಲೇ ಕೊನೆಗೊಳ್ಳುತ್ತಿತ್ತು. ಈಗ ಅದರ ಸಂಖ್ಯೆ ಬದಲಾಗಿದೆ, ದಾರಿ ಅದೇ.

ಗೋಕರ್ಣದ ಬಸ್ ನಿಲ್ದಾಣದಿಂದ ಓಂ ಬೀಚಿನ ಮೇಲ್ಭಾಗದವರೆಗೆ ಆಟೋ ಹೋಗುತ್ತದೆ. ನಿಜವಾದ ನೆಮ್ಮದಿ ಅದರಾಚೆಯ ಹಾಫ್‌ಮೂನ್, ಪ್ಯಾರಡೈಸ್ ತೀರಗಳಲ್ಲಿದೆ. ಅಲ್ಲಿಗೆ ವಾಹನ ಹೋಗುವ ರಸ್ತೆಯಿಲ್ಲ. ಗುಡ್ಡದ ಅಂಚಿನ ಕಲ್ಲುದಾರಿಯಲ್ಲಿ ನಡೆಯಬೇಕು, ಇಲ್ಲವೇ ದೋಣಿ ಏರಬೇಕು. ಆದ್ದರಿಂದ ಚಕ್ರದ ಸೂಟ್‌ಕೇಸಿಗಿಂತ ಬೆನ್ನಿಗೆ ಹಾಕುವ ಚೀಲವೇ ಮೇಲು.

ಮಳೆಗಾಲದಲ್ಲಿ ಮಾತ್ರ ಈ ಲೆಕ್ಕ ತಪ್ಪಬಹುದು. ಕಡಲು ಒರಟಾದಾಗ ದೋಣಿಗಳು ಇಳಿಯುವುದಿಲ್ಲ, ಗುಡ್ಡ ಕುಸಿದರೆ ರಸ್ತೆಯೂ ಮುಚ್ಚುತ್ತದೆ. 2024ರ ಜುಲೈನಲ್ಲಿ ಅಂಕೋಲಾ ಸಮೀಪದ ಶಿರೂರಿನಲ್ಲಿ ಹಾಗೆಯೇ ಆಯಿತು. ನವೆಂಬರ್‌ನಿಂದ ಫೆಬ್ರವರಿಯವರೆಗಿನ ಅವಧಿಯನ್ನು ಆರಿಸಿಕೊಳ್ಳಿ.